ಹಿರಿಯ ನಾಗರಿಕ ಕೈಸರನ ಕೀಲುನೋವು

ಮೈಕ್ ಪುಷ್ಕರನ್ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಕಳೆದ ಕರ್ಕಾಟಕ ಮಾಸದಲ್ಲಿ ಹಿನ್ನೀರಿನ ನಡುವಿನ ನಮ್ಮ ನೆಡುಂತುರುತ್ತು ದ್ವೀಪದಲ್ಲಿ ನಡೆದ ಘಟನೆಗೆ ಅರ್ಧ ಊರು ಅವನನ್ನು ದೂರುತ್ತದೆ, ಇನ್ನರ್ಧ ಊರು ವಾಚನಾಲಯದ ಕಾರ್ಯದರ್ಶಿಯಾದ ನನ್ನನ್ನು ದೂರುತ್ತದೆ. ಅವನು ಹೇಳಿದ್ದು ಒಂದೇ ಒಂದು ಸುಳ್ಳು. ಬಾಕಿಯೆಲ್ಲ ಅಪ್ಪಟ ಸತ್ಯ. ಅವನನ್ನು ಮುಳುಗಿಸಿದ್ದು ಆ ಸತ್ಯಗಳೇ.

ಪುಷ್ಕರನದು ಧ್ವನಿವರ್ಧಕದ ಕಸುಬು. ಮದುವೆ, ಮರಣ, ಪಕ್ಷದ ಸಭೆ, ದೋಣಿ ಪಂದ್ಯ, ಯಾವುದಕ್ಕೂ ಅವನ ಪೆಟ್ಟಿಗೆಗಳೇ ಬೇಕು. ಕೈಯಲ್ಲಿ ಮೈಕ್ ಇದ್ದು ಅದು ಚಾಲೂ ಆಗಿದ್ದರೆ ಅವನಂಥ ಮಾತುಗಾರ ಮೂರು ಕಾಲುವೆಯಾಚೆಗೂ ಸಿಗುವುದಿಲ್ಲ. ಮೈಕ್ ಆರಿಸಿದರೆ ಮುಗಿಯಿತು. ಚಹಾಕ್ಕೆ ಸಕ್ಕರೆ ಸಾಲದು ಅನ್ನುವುದಕ್ಕೂ ಗಂಟಲು ಕಟ್ಟುತ್ತದೆ, ಸಪ್ಪೆ ಚಹಾವನ್ನೇ ಕುಡಿದು ಎದ್ದು ಹೋಗುತ್ತಾನೆ. ಮದುವೆಯಾಗಿ ಮೂವತ್ತೊಂದು ವರ್ಷವಾದರೂ ಹೆಂಡತಿ ವಿಲಾಸಿನಿಯ ಎದುರು ಅವನು ಒಂದು ಪೂರ್ತಿ ವಾಕ್ಯ ಮುಗಿಸಿದ್ದನ್ನು ನಾನು ಕೇಳಿಲ್ಲ.

ಅವನ ನಾಯಿಯ ಹೆಸರು ಕೈಸರ್. ತಾಯಿ ನಮ್ಮೂರಿನವಳು, ತಂದೆ ಯಾವುದೋ ಹೌಸ್‌ಬೋಟಿನಲ್ಲಿ ಬಂದುಹೋದ ದೊಡ್ಡ ತಳಿಯವನು. ಹಾಗಾಗಿ ಕೈಸರ್ ಭಾರಿ ಆಳು. ಕೆಲವು ವರ್ಷಗಳ ಹಿಂದೆ ಆ ದೊಡ್ಡ ನೆರೆ ಬಂದಾಗ, ರಕ್ಷಣೆಗೆ ಬಂದ ದೋಣಿಯವರು ನಾಯಿಗೆ ಜಾಗ ಇಲ್ಲ ಅಂದದ್ದಕ್ಕೆ, ಪುಷ್ಕರನ್ ಹೆಂಡತಿಯನ್ನು ದೋಣಿ ಹತ್ತಿಸಿ ತಾನು ಹೆಂಚಿನ ಮೇಲೆ ಕೈಸರನನ್ನು ತಬ್ಬಿಕೊಂಡು ಎರಡು ದಿನ ಕೂತಿದ್ದ. ನೀರು ಇಳಿದ ಮೇಲೆ ಎತ್ತರದ ಕಂಬಗಳ ಮೇಲೆ ಹೊಸ ಮನೆ ಕಟ್ಟಿದ. ಹನ್ನೊಂದು ಮೆಟ್ಟಿಲು. ಇನ್ನು ಎಷ್ಟೇ ನೀರು ಬಂದರೂ ನಾವು ಮೂವರೂ ಮೇಲೆ ಅಂತ ಅವನ ಲೆಕ್ಕಾಚಾರ. ಕೈಸರನಿಗೂ ಮುಪ್ಪು ಬರುತ್ತದೆ ಅನ್ನುವುದು ಆ ಲೆಕ್ಕಾಚಾರದಲ್ಲಿ ಇರಲಿಲ್ಲ.

ಹದಿನಾಲ್ಕು ತುಂಬುತ್ತಲೇ ಕೈಸರನ ಸೊಂಟದ ಕೀಲುಗಳು ಕೈಕೊಟ್ಟವು. ಮೊದಲು ಮೆಟ್ಟಿಲ ಬುಡದಲ್ಲಿ ನಿಂತು ಯೋಚನೆ ಮಾಡತೊಡಗಿದ. ಆಮೇಲೆ ಮೂರನೇ ಮೆಟ್ಟಿಲಿನಲ್ಲಿ ಕೂತುಬಿಡುತ್ತಿದ್ದ. ಕೊನೆಗೆ ಹಿಂಗಾಲುಗಳನ್ನು ನೆಲದ ಮೇಲೆ ಎಳೆಯುತ್ತ ನಡೆಯುವ ಸ್ಥಿತಿ ಬಂತು. ಮೃಗಾಸ್ಪತ್ರೆಯ ಡಾಕ್ಟರು ನೋವಿನ ಮಾತ್ರೆ ಬರೆದುಕೊಟ್ಟು, "ವಯಸ್ಸಾಯ್ತಲ್ಲ ಪುಷ್ಕರಾ" ಅಂದರು.

ಅದೇ ಹೊತ್ತಿಗೆ ವಿಲಾಸಿನಿ ಮಗಳ ಎರಡನೇ ಬಾಣಂತನಕ್ಕೆ ಹೊರಟು ನಿಂತಳು. ಜೆಟ್ಟಿಯಲ್ಲಿ ಬೋಟು ಕಾಯುತ್ತ ಅವಳು ಹೇಳಿದ್ದನ್ನು ನಾನೇ ಕಿವಿಯಾರೆ ಕೇಳಿದ್ದೇನೆ.

"ನೋಡಿ, ಅವನು ನರಳೋದನ್ನ ನನ್ನ ಕೈಲಿ ನೋಡೋಕಾಗಲ್ಲ. ಕರ್ಕಾಟಕ ಮುಗಿದು ಚಿಂಗಂ ಒಂದನೇ ತಾರೀಕು ನಾನು ವಾಪಸ್ ಬರ್ತೀನಿ. ಅಷ್ಟರಲ್ಲಿ ಅವನು ಎದ್ದು ನಿಂತಿದ್ರೆ ಸರಿ. ಇಲ್ಲಾಂದ್ರೆ ಡಾಕ್ಟರಿಗೆ ಅವತ್ತೇ ಹನ್ನೊಂದು ಗಂಟೆಗೆ ಬರೋಕೆ ಹೇಳಿದ್ದೀನಿ. ಒಂದು ಸೂಜಿ. ಪಾಪ, ನಿದ್ದೆ ಮಾಡಿದ ಹಾಗೆ ಹೋಗ್ತಾನೆ."

"ಆದ್ರೆ ವಿಲಾಸಿನೀ, ನಾನು ಏನ್ ಹೇಳ್ತೀನಿ ಅಂದ್ರೆ..." ಅಂದ ಪುಷ್ಕರನ್.

"ನೀವು ಏನೂ ಹೇಳಬೇಡಿ. ನಂಗೇನು ಖುಷೀನಾ?" ಅನ್ನುತ್ತ ಅವಳು ಬೋಟು ಹತ್ತಿ, ನಮಗೆ ಮುಖ ಕಾಣದ ಕಡೆಯ ಕಿಟಕಿಯ ಹತ್ತಿರ ಹೋಗಿ ಕೂತಳು.

ಕರ್ಕಾಟಕ ಅಂದರೆ ಸುರಿವ ಮಳೆಯಲ್ಲಿ ನಾವೆಲ್ಲ ಮೈಗೆ ಎಣ್ಣೆ ಹಚ್ಚಿಸಿಕೊಂಡು, ಔಷಧದ ಗಂಜಿ ಕುಡಿದು, ವರ್ಷದ ಕೀಲುಗಳನ್ನು ರಿಪೇರಿ ಮಾಡಿಸಿಕೊಳ್ಳುವ ತಿಂಗಳು. ಊರಿಗೆ ಊರೇ ಎಣ್ಣೆ ವಾಸನೆ. ಪುಷ್ಕರನಿಗೆ ಹೊಳೆಯಿತಂತೆ: ಊರಿನ ಎಲ್ಲ ಮುದುಕರ ಕೀಲಿಗೂ ಎಣ್ಣೆ ಬೀಳುವಾಗ ಕೈಸರನೊಬ್ಬ ಯಾಕೆ ಒಣಗಬೇಕು? ಸರಿಯಾದ ಪ್ರಶ್ನೆಯೇ. ತೊಂದರೆ ಇದ್ದದ್ದು ಆ ಎಣ್ಣೆ ಕೊಡುವ ಅಚ್ಯುತನ್ ವೈದ್ಯರಲ್ಲಿ. ಹೋದ ವರ್ಷ ಒಬ್ಬ ತನ್ನ ಎಮ್ಮೆಯ ಮೊಣಕಾಲಿಗೆ ಎಣ್ಣೆ ಕೇಳಿದ್ದಕ್ಕೆ, "ಋಷಿಗಳು ಬರೆದಿಟ್ಟದ್ದು ಮನುಷ್ಯರಿಗೆ ಕಣೋ!" ಅಂತ ಕಷಾಯದ ಪಾತ್ರೆ ಹಿಡಿದು ಜೆಟ್ಟಿಯವರೆಗೂ ಅಟ್ಟಿಸಿಕೊಂಡು ಹೋಗಿದ್ದರು.

ನನ್ನ ಬೆನ್ನುನೋವಿಗಾಗಿ ನಾನು ವೈದ್ಯರ ಬೆಂಚಿನ ಮೇಲೆ ಕೂತಿದ್ದಾಗಲೇ ಪುಷ್ಕರನ್ ಒಳಗೆ ಬಂದ. ಅವನು ಬಂದದ್ದು ನಾಯಿಗಾಗಿ ಅಂತ ನಿಮಗೆ ಈಗ ಗೊತ್ತು. ನನಗೆ ಆಗ ಗೊತ್ತಿರಲಿಲ್ಲ. ದಯವಿಟ್ಟು ಇದನ್ನು ನೆನಪಿನಲ್ಲಿಡಿ.

"ರೋಗಿ ಯಾರು?" ವೈದ್ಯರು ಕೇಳಿದರು.

ಪುಷ್ಕರನ್ ಕಷಾಯದ ಪಾತ್ರೆಯ ಕಡೆ ನೋಡಿದ. "ವಿಲಾಸಿನಿಯ... ಸೋದರಮಾವ."

ಇದೇ ಆ ಒಂದು ಸುಳ್ಳು. ಇಲ್ಲಿಂದ ಮುಂದೆ ಬರುವುದೆಲ್ಲ ಸತ್ಯ.

"ವಯಸ್ಸು?"

ನಾಯಿಯ ಒಂದು ವರ್ಷ ಅಂದರೆ ಮನುಷ್ಯರ ಏಳು ವರ್ಷ ಅಂತ ಮಗಳು ಯಾವಾಗಲೋ ಹೇಳಿದ್ದಳಂತೆ. ಪುಷ್ಕರನ್ ಬೆರಳು ಮಡಚಿ ಎಣಿಸಿದ. "ತೊಂಬತ್ತೆಂಟು."

ವೈದ್ಯರು ಲೇಖನಿ ಕೆಳಗಿಟ್ಟರು. "ತೊಂಬತ್ತೆಂಟು! ಇಲ್ಲಿಗೆ ಕರೆಸಿಕೊಂಡಿದ್ದೀಯಾ? ಪುಣ್ಯವಂತ ಕಣಯ್ಯಾ ನೀನು. ಏನು ತೊಂದರೆ?"

"ಸೊಂಟದ ಕೀಲು. ಕೂತ್ರೆ ಏಳೋಕಾಗಲ್ಲ. ಮಲಗೋ ಮುಂಚೆ ಮೂರು ಸುತ್ತು ಸುತ್ತಿಯೇ ಮಲಗಬೇಕು ಅವನಿಗೆ. ಈಗ ಅದೂ ಆಗಲ್ಲ ಅಂತ ನರಳ್ತಾನೆ."

"ಮೂರು ಸುತ್ತು?"

"ಚಿಕ್ಕಂದಿನಿಂದ ಅದೇ ಅಭ್ಯಾಸ."

"ಪ್ರದಕ್ಷಿಣೆ!" ವೈದ್ಯರು ನನ್ನ ಕಡೆ ತಿರುಗಿದರು. "ಕೇಳಿದ್ರಾ ಸೆಕ್ರೆಟರಿ? ಹಿಂದಿನವರ ನಿಷ್ಠೆ ಅಂದ್ರೆ ಇದು. ತೂಕ ಎಷ್ಟಪ್ಪ?"

"ಮೂವತ್ತೆರಡು ಕಿಲೋ."

"ಅಯ್ಯೋ ಭಗವಂತಾ, ಬರೀ ಎಲುಬು. ಯೌವನದಲ್ಲಿ ಏನು ಉದ್ಯೋಗ?"

"ಕಾವಲು."

"ಪೊಲೀಸಾ, ಸೈನ್ಯವಾ?"

ಪುಷ್ಕರನ್ ಸ್ವಲ್ಪ ಯೋಚಿಸಿ, "ಹೆಚ್ಚಾಗಿ ರಾತ್ರಿ ಪಾಳಿ" ಅಂದ. ವೈದ್ಯರು ಎದ್ದು ಹೋಗಿ ಒಳಮನೆಯ ಬೀರುವಿನಿಂದ ಎಲ್ಲರಿಗೂ ಕೊಡದ ಎಣ್ಣೆಯ ಸೀಸೆ ತಂದುಕೊಟ್ಟರು.

ವಾರದ ನಂತರ ಅವನು ಮತ್ತೆ ಬಂದ. ನನ್ನ ಬೆನ್ನುನೋವು ಹೋಗಿರಲಿಲ್ಲವಾದ್ದರಿಂದ ನಾನೂ ಅಲ್ಲೇ ಇದ್ದೆ.

"ಎಣ್ಣೆ ಹಚ್ಚಿದೆಯಾ?"

"ಹಚ್ಚಿದೆ. ನೆಕ್ಕಿಬಿಟ್ಟ."

"ನೆಕ್ಕಿದ್ರಾ? ಸೀಸೆಯಿಂದಲಾ?"

"ಇಲ್ಲ, ಸೊಂಟದಿಂದ."

ವೈದ್ಯರು ಕೂತಲ್ಲೇ ಕತ್ತು ಹೊರಳಿಸಿ ತಮ್ಮ ಸೊಂಟವನ್ನು ನೋಡಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, "ತೊಂಬತ್ತೆಂಟನೇ ವಯಸ್ಸಲ್ಲಿ ಬಾಯಿ ಸೊಂಟಕ್ಕೆ ಎಟುಕುತ್ತಾ?" ಅಂದರು.

"ಕುತ್ತಿಗೆ ಚೆನ್ನಾಗಿದೆ ವೈದ್ಯರೇ. ತೊಂದರೆ ಎಲ್ಲ ಕೆಳಗೇನೇ."

"ಯೋಗಿ ಕಣಯ್ಯಾ ಅವರು! ಮಹಾಯೋಗಿ! ನಾನೇ ಒಂದು ಸಲ ಬಂದು ಪಾದ ಮುಟ್ಟಬೇಕು." ಅಂದವರು, ಮಲಗಿ ಮಲಗಿ ರೋಗಿಯ ಸೊಂಟದ ಮೇಲೆ ಹುಣ್ಣಾಗಿದೆ ಅಂತ ತಿಳಿದಾಗ ಗಂಭೀರರಾದರು. "ಅದಕ್ಕೆ ನೀರು ತುಂಬಿದ ಹಾಸಿಗೆ ಬೇಕು. ಪಂಚಾಯಿತಿಯ ಸಾಂತ್ವನ ತಂಡದವರ ಹತ್ತಿರ ಇದೆ, ಕೇಳು. ಹಾಸಿಗೆ ಹಿಡಿದವರ ಮನೆಗೆ ಅವರೇ ದೋಣಿಯಲ್ಲಿ ಬಂದು ಕೊಡ್ತಾರೆ."

ನೀರಿನ ಹಾಸಿಗೆ ಅಂದ ಕೂಡಲೇ ಪುಷ್ಕರನ ಮುಖ ಅರಳಿದ್ದನ್ನು ನಾನು ಕಂಡೆ. ಪಾಪ, ಅವನಿಗೆ ಬೇಕಾಗಿದ್ದದ್ದು ಅದೊಂದೇ. ಉಳಿದದ್ದನ್ನೆಲ್ಲ ಒದಗಿಸಿದವರು ನಾವು.

ಈ ವಿಷಯವನ್ನು ನಾನು ಯಾರಿಗೂ ಹೇಳಲಿಲ್ಲ. ಗ್ರೇಸಿಕ್ಕುಟ್ಟಿಗೆ ಮಾತ್ರ ಹೇಳಿದೆ. ಗ್ರೇಸಿಕ್ಕುಟ್ಟಿ ನಮ್ಮ ವಾರ್ಡಿನ ಆಶಾ ಕಾರ್ಯಕರ್ತೆ. ಮರುದಿನವೇ ಅವಳು ರಿಜಿಸ್ಟರು ಹಿಡಿದುಕೊಂಡು ಪುಷ್ಕರನ ಅಂಗಳಕ್ಕೆ ಹೊರಟಳು. ಕೊಡೆ ಹಿಡಿಯಲು ಒಬ್ಬರು ಬೇಕಲ್ಲ, ನಾನು ಹೋದೆ. ಮನೆಯ ಕೆಳಗೆ ಕಂಬಗಳ ಸುತ್ತ ನೀಲಿ ಟಾರ್ಪಾಲು ಇಳಿಬಿಟ್ಟಿತ್ತು. ಪುಷ್ಕರನ್ ಅದರ ಮುಂದೆ ಕೈ ಅಗಲಿಸಿ ನಿಂತ.

"ನಿಮ್ಮ ಮಾವನನ್ನ ಎಲ್ಲಿ ಮಲಗಿಸಿದ್ದೀರಾ ಚೇಟಾ?" ಅಣ್ಣನನ್ನು ಕರೆಯುವ ಹಾಗೆ ಕರೆದು ಕೇಳಿದಳು ಗ್ರೇಸಿಕ್ಕುಟ್ಟಿ.

"ಇಲ್ಲೇ ಕೆಳಗೆ. ಗೋಣಿಚೀಲ ಹಾಸಿದ್ದೀನಿ. ಮೆಟ್ಟಿಲು ಹತ್ತೋಕಾಗಲ್ಲ ಅವನಿಗೆ."

"ಗೋಣಿಚೀಲ! ಹಿರಿಯರನ್ನ 'ಅವನು ಇವನು' ಅಂತೀರಲ್ಲ, ನಾಚಿಕೆ ಆಗಲ್ವಾ? ಊಟ ಏನು ಕೊಡ್ತೀರಾ?"

"ಅನ್ನ, ಮೀನಿನ ತಲೆ."

"ತಲೆ ಅವರಿಗೆ, ಮೀನು ನಿಮಗೆ" ಅಂತ ಗೊಣಗುತ್ತ ಅವಳು ಬರೆದುಕೊಂಡಳು. "ಒಳಗೆ ಹೋಗಿ ನೋಡಬಹುದಾ?"

"ಬೇಡ ಬೇಡ. ಹೊಸಬರನ್ನ ಕಂಡ್ರೆ ಕೆರಳ್ತಾನೆ. ಕಚ್ಚಲ್ಲ, ಆದ್ರೂ ಹಲ್ಲು ಇನ್ನೂ ಗಟ್ಟಿ ಇದೆ."

"ತೊಂಬತ್ತೆಂಟಕ್ಕೆ ಸ್ವಂತ ಹಲ್ಲಾ!" ಅದನ್ನೂ ಬರೆದುಕೊಂಡಳು. "ಹೆಂಡತಿ ಮಕ್ಕಳು?"

"ಮದುವೆ ಇಲ್ಲ. ಮಕ್ಕಳಿದ್ದಾವೆ. ಕಾಲುವೆಯ ಎರಡೂ ದಡದಲ್ಲಿ."

ಗ್ರೇಸಿಕ್ಕುಟ್ಟಿ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡಳು. "ನಮ್ಮ ಕಾಲುವೇನಾ? ಹಾಗಾದ್ರೆ ಮೊದಲೂ ಈ ಕಡೆ ಬರ್ತಿದ್ರಾ?"

"ಆಗೆಲ್ಲ ಈಜ್ಕೊಂಡೇ ಹೋಗಿ ಬರ್ತಿದ್ದ" ಅಂದ ಪುಷ್ಕರನ್ ಹೆಮ್ಮೆಯಿಂದ.

ಅಷ್ಟರಲ್ಲಿ ಟಾರ್ಪಾಲಿನ ಹಿಂದಿನಿಂದ ಒಂದು ದೀರ್ಘವಾದ ನಿಟ್ಟುಸಿರು ಕೇಳಿಸಿತು. ನಾವಿಬ್ಬರೂ ಅರಿವಿಲ್ಲದೆ ಕೈಮುಗಿದೆವು. ಆ ಸಂಜೆ ಎರಡೂ ದಡದ ಕೆಲವು ಮನೆಗಳಲ್ಲಿ ಅಜ್ಜಂದಿರ ಫೋಟೋಗಳನ್ನು ಗೋಡೆಯಿಂದ ಇಳಿಸಿ ಅವರ ಮೂಗು ಅಪ್ಪಂದಿರ ಮೂಗಿಗೆ ಹೊಂದುತ್ತದೆಯೇ ಅಂತ ಪರೀಕ್ಷೆ ಮಾಡಿದರೆಂದು ಕೇಳಿದ್ದೇನೆ. ನಾನು ಯಾರಿಗೂ ಹೇಳಿರಲಿಲ್ಲ.

ಸುದ್ದಿ ವಾರ್ಡ್ ಮೆಂಬರ್ ಸದಾಶಿವನ್‌ಗೆ ತಲುಪಿದ್ದು ಚುನಾವಣೆಗೆ ನಾಲ್ಕು ತಿಂಗಳಿರುವಾಗ. ಅವರು ನೇರ ವಾಚನಾಲಯಕ್ಕೆ ನುಗ್ಗಿದರು.

"ಏನ್ರೀ ಸೆಕ್ರೆಟರಿ, ನನ್ನ ವಾರ್ಡಲ್ಲಿ ತೊಂಬತ್ತೆಂಟು ವರ್ಷದ ಹಿರಿಯರಿದ್ದಾರೆ, ನನಗೇ ಗೊತ್ತಿಲ್ಲ! ಚಿಂಗಂ ಒಂದಕ್ಕೆ ಸನ್ಮಾನ ಆಗಬೇಕು. ಜರಿ ಶಾಲು, ಹಾರ, ಪತ್ರಿಕೆಯವರು. ಎಲ್ಲಿ ಆ ಪುಷ್ಕರನ್? ಬಾರಪ್ಪ, ನಿನ್ನ ಮಾವ ಯಾವ ಪಕ್ಷದವರು?"

ಸಾಂತ್ವನ ತಂಡದ ಹಾಸಿಗೆ ಬಂತೇ ಅಂತ ವಿಚಾರಿಸಲು ಬಂದಿದ್ದ ಪುಷ್ಕರನ್ ತಬ್ಬಿಬ್ಬಾದ. "ಜಾಥಾ ಕಂಡ್ರೆ ಎಲ್ಲಾ ಪಕ್ಷದವರ ಮೇಲೂ ಒಂದೇ ಸಮ ಹಾರಾಡ್ತಿದ್ದ."

"ಸ್ವತಂತ್ರ ಮನೋಭಾವ" ಅಂತ ಮೆಂಬರ್ ತಲೆದೂಗಿದರು. "ಪರವಾಗಿಲ್ಲ. ಅನ್ನ ಹಾಕಿದವರನ್ನ ಮರೆಯಲ್ಲ ತಾನೇ?"

"ಅದು ಮಾತ್ರ ಯಾವತ್ತೂ ಮರೆತಿಲ್ಲ" ಅಂದ ಪುಷ್ಕರನ್. ಅವನ ಕಣ್ಣು ಒದ್ದೆಯಾಯಿತು. ಮೆಂಬರಿಗೂ ಒದ್ದೆಯಾಯಿತು, ಬೇರೆ ಕಾರಣಕ್ಕೆ.

"ಸಾಂತ್ವನ ತಂಡದವರೂ ಅವತ್ತೇ ಹಾಸಿಗೆ ತರ್ತಾರೆ. ಆಮೇಲೆ ಪ್ರಚಾರ. ಮೈಕ್ ನಿಂದೇ" ಅಂದರು ಮೆಂಬರ್.

ಇಲ್ಲ ಅನ್ನಲು ಅವನಿಗೆ ಬಾಯಿ ಬರಲಿಲ್ಲ. ಮೈಕ್ ಆಫ್ ಇದ್ದಾಗ ಅವನಿಗೆ ಯಾವಾಗ ಬಾಯಿ ಬಂದಿದೆ? ಹಾಗೆ, ತನ್ನದೇ ಸುಳ್ಳನ್ನು ತಾನೇ ದೋಣಿಯಲ್ಲಿ ಹೇರಿಕೊಂಡು ಮೂರು ಕಾಲುವೆ ಸುತ್ತುವ ಯೋಗ ಅವನ ಪಾಲಿಗೆ ಬಂತು. ನಾನು ದೋಣಿಯ ಮುಂದುಗಡೆ ಕರಪತ್ರ ಹಿಡಿದು ಕೂತಿದ್ದೆ. ಅವನು ಹೆದರಿ ಬೆವರುತ್ತ ಗುಂಡಿ ಒತ್ತಿದ. ಅಷ್ಟೇ, ಮನುಷ್ಯನೇ ಬೇರೆಯಾದ.

"ಪ್ರಿಯ ನಾಗರಿಕರೇ! ಒಂದು ಮನೆಯ ಹೊಸ್ತಿಲಲ್ಲಿ ಒಂದು ಜೀವ ಇಡೀ ಆಯುಷ್ಯ ಕಾವಲು ಕೂತಿತು! ಒಂದು ದಿನ ರಜೆ ಕೇಳಲಿಲ್ಲ! ಬೈದರೆ ಮುನಿಸಿಕೊಳ್ಳಲಿಲ್ಲ, ಮುನಿಸಿಕೊಂಡರೂ ಊಟದ ಹೊತ್ತಿಗೆ ಮರೆಯಿತು! ನಾವು ಅಳುವಾಗ ಯಾಕೆ ಅಂತ ಕೇಳದೆ ಪಕ್ಕದಲ್ಲಿ ಬಂದು ಕೂತಿತು! ಇಂದು ಅದಕ್ಕೆ ಏಳಲಾಗುತ್ತಿಲ್ಲ. ಎಬ್ಬಿಸುವ ಸರದಿ ನಮ್ಮದು, ನಾಗರಿಕರೇ, ನಮ್ಮದು!"

ದಡದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಸೆರಗಿನಿಂದ ಮೂಗು ಒರೆಸಿಕೊಂಡರು. ಮಾತು ಬಿಟ್ಟಿದ್ದ ಒಂದಿಬ್ಬರು ಸೊಸೆಯಂದಿರು ಆ ದಿನ ಅತ್ತೆಯರಿಗೆ ಬಿಸಿನೀರು ಕಾಯಿಸಿಕೊಟ್ಟರು. ನಾನಂತೂ ಕರಪತ್ರದಲ್ಲೇ ಕಣ್ಣೊರೆಸಿಕೊಂಡೆ.

ಚಿಂಗಂ ಒಂದು. ಮಳೆ ಬಿಟ್ಟು ಹೊಸ ಬಿಸಿಲು ಬಂದಿತ್ತು. ಹತ್ತೂವರೆಗೆ ಪುಷ್ಕರನ ಅಂಗಳದಲ್ಲಿ ನಲವತ್ತು ಜನ. ಮೆಂಬರ್ ಸದಾಶಿವನ್ ತಮ್ಮ ಭಾವಚಿತ್ರವಿದ್ದ ಹೊಸ ಫಲಕವನ್ನು ಒಂದು ಬಿದಿರಿಗೆ ಕಟ್ಟಿ ನೆಡಿಸಿದ್ದರು. ಅಚ್ಯುತನ್ ವೈದ್ಯರು ಯೋಗಿಯ ಪಾದ ಮುಟ್ಟಲು ಸ್ನಾನ ಮುಗಿಸಿ ಬಂದಿದ್ದರು. ಸಾಂತ್ವನ ತಂಡದ ನರ್ಸ್ ಸಲೋಮಿ, ತೋಳಿನಲ್ಲಿ ಮಡಚಿದ ನೀರಿನ ಹಾಸಿಗೆ ಹಿಡಿದು ಗ್ರೇಸಿಕ್ಕುಟ್ಟಿಯ ಪಕ್ಕ ನಿಂತಿದ್ದಳು. ನನ್ನ ತೋಳಿನ ಮೇಲೆ ವಾಚನಾಲಯದ ಜರಿ ಶಾಲು. ಪುಷ್ಕರನ್ ಟಾರ್ಪಾಲಿನ ಮುಂದೆ ನಿಂತು, ಆಫ್ ಆಗಿದ್ದ ಮೈಕನ್ನು ಎರಡೂ ಕೈಯಲ್ಲಿ ಎದೆಗೆ ಒತ್ತಿ ಹಿಡಿದಿದ್ದ.

ಅದೇ ಹೊತ್ತಿಗೆ ಸರ್ಕಾರಿ ಬೋಟು ಜೆಟ್ಟಿಗೆ ಬಂತು. ವಿಲಾಸಿನಿ ಚೀಲ ಹಿಡಿದು ಇಳಿದಳು.

"ಬಂದ್ರಾ ಚೇಚಿ!" ಗ್ರೇಸಿಕ್ಕುಟ್ಟಿ ಕೂಗಿದಳು. "ನಿಮ್ಮ ಸೋದರಮಾವನಿಗೆ ಸನ್ಮಾನ!"

"ಯಾವ ಸೋದರಮಾವ?" ವಿಲಾಸಿನಿ ನಿಂತಲ್ಲೇ ನಿಂತಳು. "ನನಗಿದ್ದವರು ಒಬ್ಬರು. ಅವರು ತೀರ್ಕೊಂಡು ಹನ್ನೊಂದು ವರ್ಷ ಆಯ್ತು."

ನಲವತ್ತು ತಲೆಗಳು ಟಾರ್ಪಾಲಿನ ಕಡೆ ತಿರುಗಿದವು. ವೈದ್ಯರು ಮಾತ್ರ ಮೆಲ್ಲಗೆ, "ಯೋಗಿಗಳಿಗೆ ಅಸಾಧ್ಯ ಏನಿದೆ?" ಅಂದರು.

"ಹಾಗಾದ್ರೆ ಒಳಗಿರೋದು ಯಾರು?" ಮೆಂಬರ್ ಗುಡುಗಿದರು.

ಎಲ್ಲರ ಕಣ್ಣು ಪುಷ್ಕರನ ಮೇಲೆ. ಅವನ ತುಟಿ ಅಲುಗಿತು, ದನಿ ಹೊರಡಲಿಲ್ಲ. ಆಮೇಲೆ ಅವನು ಅವನಿಗೆ ಗೊತ್ತಿದ್ದ ಒಂದೇ ಕೆಲಸ ಮಾಡಿದ. ಗುಂಡಿ ಒತ್ತಿದ. ನಾಲ್ಕು ಪೆಟ್ಟಿಗೆಗಳೂ ಒಮ್ಮೆ ಕಿರುಚಿ ತೆರೆದುಕೊಂಡವು.

"ಪ್ರಿಯ ನಾಗರಿಕರೇ. ಒಳಗಿರುವುದು ಕೈಸರ್. ನನ್ನ ನಾಯಿ. ಕಾಲು ಹೋಗಿದೆ. ನಾಯಿ ಅಂದರೆ ಎಣ್ಣೆ ಕೊಡುತ್ತಿರಲಿಲ್ಲ, ಅದಕ್ಕೆ ಮಾವ ಅಂದೆ. ಇವತ್ತು ಹನ್ನೊಂದು ಗಂಟೆಗೆ ಅವನಿಗೆ ಸೂಜಿ ಹಾಕಲು ಡಾಕ್ಟರು ಬರುತ್ತಾರೆ. ಅವನನ್ನು ಎಬ್ಬಿಸಿ ನಿಲ್ಲಿಸಬೇಕು ಅಂತ ಒಂದು ತಿಂಗಳು ಎಣ್ಣೆ ಹಚ್ಚಿದೆ, ತಿಕ್ಕಿದೆ, ಎತ್ತಿದೆ.  ನಿಲ್ಲಲಿಲ್ಲ. ವಿಲಾಸಿನೀ, ಅವನು ನಿಲ್ಲಲಿಲ್ಲ. ಆದರೂ ಅವನು ಇನ್ನೂ ಬಾಲ ಅಲ್ಲಾಡಿಸುತ್ತಾನೆ. ಬಾಲ ಅಲ್ಲಾಡಿಸುವವನಿಗೆ ಸೂಜಿ ಹಾಕಬೇಡ ಅಂತ ಹೇಳಬೇಕು ಅಂತ ಆವತ್ತು ಜೆಟ್ಟಿಯಲ್ಲಿ ಬಾಯಿ ತೆರೆದಿದ್ದೆ."

ಅದು ಹೆಂಡತಿಯ ಎದುರು ಅವನು ಮುಗಿಸಿದ ಮೊದಲ ವಾಕ್ಯ. ಮೂರು ಕಾಲುವೆಯ ಎರಡೂ ದಡಕ್ಕೆ ಕೇಳಿಸಿತು.

ಯಾರೋ ಟಾರ್ಪಾಲು ಸರಿಸಿದರು. ಗೋಣಿಚೀಲದ ಮೇಲೆ ಕೈಸರ್ ಮಲಗಿದ್ದ. ಅವನಿಗೆ ತಾಗಿದಂತೆ ಒಂದು ಚಾಪೆ, ದಿಂಬು, ಗೂಟಕ್ಕೆ ನೇತುಹಾಕಿದ ಪುಷ್ಕರನ ಅಂಗಿ, ಒಂದೇ ತಟ್ಟೆಯಲ್ಲಿ ಇಬ್ಬರೂ ಉಂಡ ಗುರುತು. ವಿಲಾಸಿನಿ ತಲೆಯೆತ್ತಿ ಮೆಟ್ಟಿಲುಗಳನ್ನು ನೋಡಿದಳು. ಒಂದು ತಿಂಗಳಿಂದ ಯಾರೂ ಹತ್ತದೆ ಹನ್ನೊಂದು ಮೆಟ್ಟಿಲಿಗೂ ಪಾಚಿ ಕಟ್ಟಿತ್ತು.

"ನಾಯಿಗೆ ಶಾಲು ಹೊದಿಸೋಕೆ ನನ್ನನ್ನ ಕರೆಸಿದ್ರಾ?" ಮೆಂಬರ್ ನನ್ನ ಮೇಲೆ ಎಗರಿ ಬಿದ್ದರು. "ಪತ್ರಿಕೆಯವರು ಬಂದಿದ್ದಾರೆ ರೀ!"

"ರಿಜಿಸ್ಟರಲ್ಲಿ ಇಂಕಲ್ಲಿ ಬರೆದಾಗಿದೆ" ಅಂತ ಗ್ರೇಸಿಕ್ಕುಟ್ಟಿ ಅಳತೊಡಗಿದಳು. "ಈಗ ಹೊಡೆದು ಹಾಕಿದ್ರೆ ಮೇಲಿನವರು ಕಾರಣ ಕೇಳ್ತಾರೆ!"

ವೈದ್ಯರು ಕೆಂಪಗಾಗಿ ಒಳನುಗ್ಗಿದರು. ಹೊಡೆದೇಬಿಡುತ್ತಾರೆ ಅಂದುಕೊಂಡೆವು. ಅವರು ಬಗ್ಗಿ ಕೈಸರನ ಸೊಂಟ ಮುಟ್ಟಿ ನೋಡಿದರು. ಅಲ್ಲೇ ಅವರ ದನಿ ಬದಲಾಯಿತು. "ಯಾವನೋ ನಿನಗೆ ತಿಕ್ಕೋಕೆ ಹೇಳಿಕೊಟ್ಟದ್ದು? ಮೇಲಿಂದ ಕೆಳಕ್ಕಾ ತಿಕ್ಕೋದು? ನನ್ನ ಎಣ್ಣೆಯ ಮರ್ಯಾದೆ ತೆಗೆದೆಯಲ್ಲೋ! ಇಲ್ಲಿ ನೋಡು, ಹೀಗೆ, ಸುತ್ತ!"

ನರ್ಸ್ ಸಲೋಮಿ ಚಪ್ಪಲಿ ಬಿಟ್ಟು ಒಳಗೆ ಬಂದು ಮೊಣಕಾಲೂರಿ ಕೂತಳು. ಕೈಸರ್ ಅವಳ ಕೈ ಮೂಸಿದ. ಅವಳು ಹುಣ್ಣು ನೋಡಿದಳು, ತೊಳೆದಳು, ಪಟ್ಟಿ ಕಟ್ಟಿದಳು. "ಹೊತ್ತುಹೊತ್ತಿಗೆ ಮಗ್ಗುಲು ಬದಲಿಸ್ತಿರೋದು ಯಾರು?"

"ನಾನೇ ಸಿಸ್ಟರ್" ಅಂದ ಪುಷ್ಕರನ್.

"ನಾನು ನೋಡೋ ಎಷ್ಟೋ ಮನೆಗಳಲ್ಲಿ ಸ್ವಂತ ಮಕ್ಕಳು ಇಷ್ಟು ಮಾಡಲ್ಲ." ಅವಳು ವಿಲಾಸಿನಿಯ ಕಡೆ ತಿರುಗಿದಳು. "ಕೀಲು ಸವೆದುಹೋಗಿದೆ ಚೇಚಿ, ಗುಣ ಆಗಲ್ಲ. ಸುಳ್ಳು ಹೇಳಲ್ಲ ನಾನು. ಗುಣ ಮಾಡೋದು ನಮ್ಮ ತಂಡದ ಕೆಲಸಾನೂ ಅಲ್ಲ. ಇರೋಷ್ಟು ದಿನ ನೋವು ಕಮ್ಮಿ ಇರಬೇಕು, ಒಬ್ಬಂಟಿ ಅನ್ನಿಸಬಾರದು. ಅಷ್ಟೇ ನಮಗೆ ಗೊತ್ತಿರೋದು. ಒಂದು ಉದ್ದನೆ ಬಟ್ಟೆ ಕೊಡಿ ಯಾರಾದ್ರೂ."

ಎಲ್ಲರೂ ನನ್ನ ತೋಳನ್ನು ನೋಡಿದರು.

"ಇದು ವಾಚನಾಲಯದ ಜರಿ ಶಾಲು" ಅಂದೆ ನಾನು. "ಸಮಿತಿಯ ಒಪ್ಪಿಗೆ ಬೇಕಾಗುತ್ತೆ."

"ಇವನಿಗೇ ಹೊದಿಸೋಕೆ ತಂದದ್ದು ತಾನೇ? ಮೇಲಿಂದ ಹೊದಿಸೋ ಬದಲು ಕೆಳಗಿಂದ ಹೊದಿಸಿ."

ಶಾಲು ಕೈಸರನ ಹೊಟ್ಟೆಯ ಕೆಳಗೆ, ಹಿಂಗಾಲುಗಳ ಮುಂದೆ ಬಂತು. ಒಂದು ತುದಿ ಪುಷ್ಕರನ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. "ಎತ್ತಬೇಡಿ, ಭಾರ ಮಾತ್ರ ತಗೊಳ್ಳಿ" ಅಂದಳು ಸಲೋಮಿ. ಭಾರ ತೆಗೆದುಕೊಂಡೆವು. ಕೈಸರ್ ಮುಂಗಾಲು ಊರಿದ. ಹಿಂಗಾಲು ನೆಲ ಹುಡುಕಿತು, ಜಾರಿತು, ಮತ್ತೆ ಹುಡುಕಿತು. ಆಮೇಲೆ ಅವನು ನಿಂತ. ನಿಂತ ಕೈಸರ್ ನಮ್ಮನ್ನೆಲ್ಲ ಒಮ್ಮೆ ನೋಡಿ, ಸಭೆಗೆ ಹೊರಟ ಅಧ್ಯಕ್ಷರ ಹಾಗೆ ನಡೆಯತೊಡಗಿದ. ಜನ ದಾರಿ ಬಿಟ್ಟರು. ನೇರವಾಗಿ ಮೆಂಬರರ ಫಲಕದ ಬಿದಿರಿನ ಬುಡಕ್ಕೆ ಹೋದ. ಅಲ್ಲಿ ಒಂದು ತಿಂಗಳಿನ ನಂತರ ಮೊದಲ ಸಲ, ಗಂಡಸಿನ ಹಾಗೆ ನಿಂತು ಮೂತ್ರ ಮಾಡಿದ.

ಬಹಳ ಹೊತ್ತು ಮಾಡಿದ. ನಲವತ್ತು ಜನ ಕಾದೆವು. ಮೆಂಬರ್ ಬಾಯಿ ತೆರೆದರು, ಪುಷ್ಕರನ ಮುಖ ನೋಡಿ ಮುಚ್ಚಿಕೊಂಡರು. ಪುಷ್ಕರನ್ ನಾಚಿಕೆ ಬಿಟ್ಟು ಬಿಕ್ಕುತ್ತಿದ್ದ, ಆದರೆ ಶಾಲಿನ ತುದಿ ಅಲುಗಿಸಲಿಲ್ಲ.

ವಿಲಾಸಿನಿ ಹತ್ತಿರ ಬಂದಳು. ಕೈಸರನ ಬಾಲ ಆಡಿತು. ಅವಳು ಅವನನ್ನು ನೋಡಿದಳು, ಗಂಡನನ್ನು ನೋಡಿದಳು.

"ಬೇರೆ ಯಾರೂ ಸಿಗಲಿಲ್ವಾ ನಿಮಗೆ? ನನ್ನ ಮಾವನೇ ಆಗಬೇಕಿತ್ತಾ?"

ಮೈಕ್ ಅವನ ಹತ್ತಿರ ಇರಲಿಲ್ಲ. ಬರಿ ಬಾಯಲ್ಲೇ ಹೇಳಿದ. "ನನ್ನ ಕಡೆಯವರು ಅಂದ್ರೆ ಜನ ಅಷ್ಟು ನಂಬ್ತಿರಲಿಲ್ಲ. ನಿನ್ನ ಕಡೆಯವರು ಅಂದ್ರೆ ನಾನು ಚೆನ್ನಾಗಿ ನೋಡ್ಕೊಂಡೇ ನೋಡ್ಕೋತೀನಿ ಅಂತ ಊರಿಗೆಲ್ಲಾ ಗೊತ್ತು."

ವಿಲಾಸಿನಿ ತನ್ನ ಚೀಲವನ್ನು ತಂದು ನನ್ನ ಹೆಗಲಿಗೆ ಹಾಕಿದಳು. "ಸೆಕ್ರೆಟರಿ ಚೇಟಾ, ನಿಮಗೆ ಬೆನ್ನುನೋವು. ಆ ತುದಿ ಇತ್ತ ಕೊಡಿ."

ಕೊಟ್ಟೆ. ಅವರಿಬ್ಬರ ನಡುವೆ ಕೈಸರ್ ಕಾಲುವೆಯ ದಂಡೆಯ ಕಡೆ ತಿರುಗಿದ. ಹಿಂದಿನಿಂದ ಸಲೋಮಿ "ನಿಧಾನ, ನಿಧಾನ" ಅನ್ನುತ್ತಿದ್ದಳು. ವೈದ್ಯರು ಎಣ್ಣೆಯ ಸೀಸೆ ಹಿಡಿದು ಅವಳ ಹಿಂದೆ ಬರುತ್ತಿದ್ದರು.

ಸರಿಯಾಗಿ ಹನ್ನೊಂದು ಗಂಟೆಗೆ ಮೃಗಾಸ್ಪತ್ರೆಯ ಡಾಕ್ಟರ ದೋಣಿ ಬಂದು ದಂಡೆಗೆ ತಾಗಿತು. ಅವರು ಕೈಪೆಟ್ಟಿಗೆಯೊಂದಿಗೆ ಇಳಿದು, ಇಷ್ಟೊಂದು ಜನ ಯಾಕೆ ಅಂತ ಸುತ್ತ ನೋಡಿದರು.

"ಎಲ್ಲಮ್ಮ ವಿಲಾಸಿನೀ, ನಾಯಿಗೆ ಸೂಜಿ ಹಾಕಬೇಕು ಅಂದಿದ್ದೆಯಲ್ಲ?"

ವಿಲಾಸಿನಿ ಶಾಲಿನ ತುದಿಯನ್ನು ಮುಂಗೈಗೆ ಇನ್ನೊಂದು ಸುತ್ತು ಸುತ್ತಿಕೊಂಡಳು.

"ಯಾವ ನಾಯಿ ಡಾಕ್ಟರೇ?" ಅಂದಳು. "ಇವರು ನನ್ನ ಸೋದರಮಾವ."